ಮನೆಯ ಬಂದೂಕಿಗೆ ಬೀರು ಸಾಕೇ, ತಿಜೋರಿಯೇ ಬೇಕೇ?

ಸಿರುಗುಪ್ಪದ ಕಡೆಯ ನಮ್ಮ ಹಳೆಯ ಮಾಳಿಗೆ ಮನೆಯಲ್ಲಿ ನಡುಮನೆ ಬಾಗಿಲಿನ ನೆತ್ತಿಗೆ ಎರಡು ಗೂಟಗಳಿದ್ದವು. ಅಜ್ಜನ ಜೋಡುನಳಿಗೆ ಬಂದೂಕು ವರ್ಷವಿಡೀ ಆ ಗೂಟಗಳ ಮೇಲೆ ಅಡ್ಡ ಮಲಗಿರುತ್ತಿತ್ತು. ಕಾಡತೂಸಿನ ಖಾಕಿ ಚೀಲ ಪಕ್ಕದ ಮೊಳೆಗೆ ನೇತಾಡುತ್ತಿತ್ತು. ಬಂದವರ ಕಣ್ಣಿಗೆ ಬೀಳಲೆಂದೇ ಅದನ್ನು ಅಲ್ಲಿ ಇಟ್ಟದ್ದೆಂದು ಮನೆಯ ಹಿರಿಯರು ಹೇಳುತ್ತಿದ್ದರು. ಆ ಬಂದೂಕು ಈಗ ಪರವಾನಗಿಯ ಸಮೇತ ನನ್ನ ಹೆಸರಿಗೆ ಬಂದಿದೆ, ಮಾಳಿಗೆ ಹೋಗಿ ಆರ್‌ಸಿಸಿ ಬಂದಿದೆ, ಮನೆಯಲ್ಲಿ ಓಡಾಡುವ ಮಕ್ಕಳಿದ್ದಾರೆ. ಅದಕ್ಕೊಂದು ತಕ್ಕ ಜಾಗ ಮಾಡಲು ಹೋಗಿ ನಾನು ಎರಡು ಸಲ ಹಣ ಕಳೆದುಕೊಂಡೆ. ಹಂದಿಗಳ ಕಾಟಕ್ಕೆಂದೋ ಆತ್ಮರಕ್ಷಣೆಗೆಂದೋ ಪರವಾನಗಿ ಪಡೆದು ಒಂದೆರಡು ಬಂದೂಕು ಇಟ್ಟುಕೊಂಡಿರುವ ಬಳ್ಳಾರಿ, ರಾಯಚೂರು, ಕೊಪ್ಪಳ ಸೀಮೆಯ ಮನೆಗಳಿಗೆ ಯಾವುದು ಹೊಂದುತ್ತದೆ, ಯಾವುದು ದಂಡ ಎಂಬುದನ್ನು ಆ ಅನುಭವದ ಮೇಲೆ ಇಲ್ಲಿ ಹೋಲಿಸಿ ಬರೆಯುತ್ತಿದ್ದೇನೆ.

ಮೊದಲು ಕಾನೂನಿನ ಎರಡು ಮಾತು, ಏಕೆಂದರೆ ಪೆಟ್ಟಿಗೆಯ ಅಳತೆಯನ್ನು ಅದೇ ನಿರ್ಧರಿಸುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಿಂದ ಸಾಮಾನ್ಯ ಪರವಾನಗಿದಾರನು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಪರವಾನಗಿಯ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿತು. 2016ರ ಶಸ್ತ್ರಾಸ್ತ್ರ ನಿಯಮಗಳು ಬಂದೂಕನ್ನು ಸುರಕ್ಷಿತವಾಗಿ ಇಡುವ ಹೊಣೆಯನ್ನು ಪರವಾನಗಿದಾರನ ಮೇಲೆಯೇ ಹೊರಿಸಿವೆ. ಹೀಗಿರುವಾಗ ಹತ್ತು ಹನ್ನೆರಡು ಬಂದೂಕು ಹಿಡಿಯುವ ವಿದೇಶಿ ಮಾದರಿಯ ತಿಜೋರಿಯನ್ನು ತಂದು ಕೋಣೆಯ ಅರ್ಧ ಜಾಗ ಕೊಡುವುದರಲ್ಲಿ ಅರ್ಥವಿಲ್ಲ. ನಮಗೆ ಬೇಕಾದದ್ದು ಎರಡು ಬಂದೂಕು ನಿಲ್ಲುವಷ್ಟು ಜಾಗ ಮತ್ತು ಕಾಡತೂಸಿಗೆ ಪ್ರತ್ಯೇಕ ಬೀಗವಿರುವ ಒಂದು ಗೂಡು, ಅಷ್ಟೆ.

ಪೆಟ್ಟಿಗೆ ತಡೆಯಬೇಕಾದದ್ದು ಯಾರನ್ನು ಎಂಬುದನ್ನೂ ಕೊಳ್ಳುವ ಮೊದಲೇ ತೀರ್ಮಾನಿಸಿಕೊಳ್ಳಬೇಕು. ಮನೆಯ ಮಗು ಮೊದಲನೆಯದು. ಮಗುವಿಗೆ ಬಲವಿಲ್ಲ, ಆದರೆ ಇಡೀ ದಿನದ ಬಿಡುವಿದೆ, ಬೀಗದ ಕೈ ಎಲ್ಲಿದೆ ಎಂದು ನೋಡುವ ಕಣ್ಣಿದೆ. ಮನೆಯವರು ಜಾತ್ರೆಗೋ ಮದುವೆಗೋ ಹೋದಾಗ ನುಗ್ಗುವ ಕಳ್ಳ ಎರಡನೆಯವನು. ಅವನಿಗೆ ಬಲವಿದೆ, ಹೊತ್ತು ಕಡಿಮೆ. ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸಿಟ್ಟಿನ ಭರದಲ್ಲೋ ಮನಸ್ಸು ತೀರಾ ಕುಗ್ಗಿದಾಗಲೋ ಮನೆಯವರದೇ ಕೈ ಬಂದೂಕಿನ ಕಡೆಗೆ ಹೋಗಬಹುದು, ಆಗ ಎರಡು ಬೀಗ ತೆಗೆಯಲು ಹಿಡಿಯುವ ಎರಡು ನಿಮಿಷವೇ ಒಂದು ಜೀವ ಉಳಿಸೀತು. ಮನೆಯಲ್ಲಿ ಅಂಥ ಸಂಕಟ ಇರುವ ದಿನಗಳಲ್ಲಿ ಯಾವ ತಿಜೋರಿಯನ್ನೂ ನಂಬದೆ ಬಂದೂಕನ್ನು ಪರವಾನಗಿ ಇರುವ ಬಂದೂಕು ವ್ಯಾಪಾರಿಯಲ್ಲೋ ಪೊಲೀಸ್ ಠಾಣೆಯಲ್ಲೋ ಠೇವಣಿ ಇಟ್ಟು ರಸೀದಿ ಪಡೆಯುವುದೇ ಸರಿ.

ಬೀರು

ನಮ್ಮ ಕಡೆ ಬಟ್ಟೆ, ಬಂಗಾರ, ಪಹಣಿ, ಬಾಂಡ್ ಪೇಪರು ಎಲ್ಲವೂ ಸೇರುವ ಉಕ್ಕಿನ ಬೀರುವನ್ನೇ ತಿಜೋರಿ ಎಂದು ಕರೆಯುವವರು ಬಹಳ. ಆ ಹೆಸರಿನಿಂದಲೇ ಅದರ ಮೇಲೆ ಇಲ್ಲದ ನಂಬಿಕೆ ಹುಟ್ಟಿದೆ. ಸಾಮಾನ್ಯ ಬೀರುವಿನ ತಗಡು 20 ಅಥವಾ 22 ಗೇಜಿನದು, ಅಂದರೆ ಒಂದು ಮಿಲಿಮೀಟರಿಗಿಂತಲೂ ತೆಳು. ಅದರ ಎರಡು ಬಾಗಿಲುಗಳ ನಡುವಿನ ಸಂದಿಗೆ ಹಾರೆಯ ಚೂಪು ತುದಿ ಹೊಕ್ಕರೆ ಬಾಗಿಲು ಮಡಚಿಕೊಳ್ಳುತ್ತದೆ. ಒಳಗಿನ ಲಾಕರು ಸ್ವಲ್ಪ ಗಟ್ಟಿ ನಿಜ, ಆದರೆ 12 ಬೋರಿನ ಬಂದೂಕಿನ ನಳಿಗೆಯೊಂದೇ 30 ಇಂಚು ಇರುತ್ತದೆ, ಹಿಡಿಯ ಸಮೇತ ಅಳೆದರೆ ನಾಲ್ಕು ಅಡಿಯ ಹತ್ತಿರ ಬರುತ್ತದೆ. ಬಿಚ್ಚಿಟ್ಟರೂ ನಳಿಗೆ ಆ ಲಾಕರಿನಲ್ಲಿ ಹಿಡಿಯುವುದಿಲ್ಲ. ದಿನಕ್ಕೆ ಹತ್ತು ಸಲ ಸೀರೆಗೋ ಹಣಕ್ಕೋ ತೆರೆಯುವ ಬಾಗಿಲಿನ ಹಿಂದೆ ಬಂದೂಕು ಇಡುವುದೇ ತಪ್ಪು ಲೆಕ್ಕ. ಮನೆಗೆ ನುಗ್ಗಿದ ಕಳ್ಳನು ಬಂಗಾರಕ್ಕೆಂದು ಮೊದಲು ಕೈ ಹಾಕುವುದೂ ಅದೇ ಬೀರುವಿಗೆ.

ಆದರೂ ಬೀರುವಿಗೆ ಒಂದು ಉಪಯೋಗವಿದೆ. ಮಡಚಿ ತೆರೆಯುವ ಜೋಡುನಳಿಗೆ ಬಂದೂಕನ್ನು ನಳಿಗೆ, ಮುಂಗೈ ಹಿಡಿ, ಹಿಂದಿನ ಮರದ ಹಿಡಿ ಎಂದು ಮೂರು ಭಾಗವಾಗಿ ಕೈಯಲ್ಲೇ ಬಿಚ್ಚಬಹುದು. ಗಟ್ಟಿ ಪೆಟ್ಟಿಗೆ ಸಿದ್ಧವಾಗುವ ತನಕ ನಳಿಗೆಯನ್ನು ಒಂದು ಕಡೆ, ಹಿಡಿಯನ್ನು ಬೀರುವಿನ ಒಳಲಾಕರಿನಲ್ಲಿ, ಕಾಡತೂಸನ್ನು ಮೂರನೆಯ ಬೀಗದ ಹಿಂದೆ ಇಟ್ಟರೆ ಒಂದು ಬೀಗ ಮುರಿದವನಿಗೆ ಪೂರ್ತಿ ಬಂದೂಕು ದಕ್ಕುವುದಿಲ್ಲ. ಬಂದೂಕಿನ ಬಿಡಿಭಾಗವೂ ಕಾಯ್ದೆಯ ಕಣ್ಣಿಗೆ ಆಯುಧವೇ ಆದ್ದರಿಂದ ಬಿಡಿಭಾಗವನ್ನು ಅಟ್ಟದ ಮೇಲೆ ಎಸೆದಿಡುವಂತಿಲ್ಲ. ಬಂದೂಕಿನ ಕುದುರೆಗೆ, ಅಂದರೆ ಗುಂಡು ಹಾರಿಸಲು ಬೆರಳಿನಿಂದ ಎಳೆಯುವ ಕೊಂಡಿಗೆ ಹಾಕುವ ಬೀಗ, ನಳಿಗೆಯ ಬುಡದಿಂದ ತೂರಿಸುವ ಉಕ್ಕಿನ ತಂತಿಯ ಬೀಗ ಇವೆಲ್ಲ ಮಗುವಿನ ಮಟ್ಟಿಗೆ ಒಳ್ಳೆಯವು. ಕಳ್ಳನು ಬೀಗದ ಸಮೇತ ಬಂದೂಕು ಹೊತ್ತುಕೊಂಡು ಹೋಗುವುದಕ್ಕೆ ಅವು ಅಡ್ಡಿಯಾಗವು.

ಕಪಾಟು: ಸಿದ್ಧ ಮಾಲು ಮತ್ತು ಮಾಡಿಸಿದ ಮಾಲು

ಬಂದೂಕು ನೆಟ್ಟಗೆ ನಿಲ್ಲುವ, ಒಂದೇ ಬಾಗಿಲಿನ, ಕಿರಿದಾದ ಕಬ್ಬಿಣದ ಕಪಾಟೇ ನಮ್ಮ ಮನೆಗಳಿಗೆ ಸರಿಯಾದದ್ದು ಎಂಬುದು ನನ್ನ ಅಭಿಪ್ರಾಯ. ಆದರೆ ನಾನು ಮೊದಲು ಮೋಸ ಹೋದದ್ದೂ ಇದರಲ್ಲೇ. ಮೂರು ಮಿಲಿಮೀಟರ್ ತಗಡು ಎಂದು ಅಂಗಡಿಯವನು ಹೇಳಿದ ಸಿದ್ಧ ಕಪಾಟನ್ನು ಆಟೋದಿಂದ ಇಳಿಸುವಾಗ ನಾನೊಬ್ಬನೇ ಎತ್ತಿದೆ. ಎತ್ತಿದ ಮೇಲೆ ಅನುಮಾನ ಬಂದು ಹತ್ತಿಯ ಚೀಲ ತೂಗುವ ಕಾಟಾದ ಮೇಲೆ ಇಟ್ಟರೆ 22 ಕಿಲೋ.

ಗೇಜಿನ ವಿಷಯದಲ್ಲಿ ಅಂಗಡಿಯವನ ಮಾತಿಗಿಂತ ತಕ್ಕಡಿಯನ್ನು ನಂಬುವುದು ಒಳ್ಳೆಯದು. ಒಂದು ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಒಂದು ಚದರ ಮೀಟರಿಗೆ 7.85 ಕಿಲೋ ತೂಗುತ್ತದೆ. 1,500 ಮಿಲಿಮೀಟರ್ ಎತ್ತರ, 350 ಅಗಲ, 300 ಆಳದ ಕಪಾಟಿನ ಆರೂ ಮೈ ಸೇರಿದರೆ 2.16 ಚದರ ಮೀಟರ್ ಆಗುತ್ತದೆ. ಅದೇ ಕಪಾಟು 18 ಗೇಜಿನ, ಅಂದರೆ 1.2 ಮಿಲಿಮೀಟರ್ ತಗಡಿನದಾದರೆ ಸುಮಾರು 20 ಕಿಲೋ, ಎರಡು ಮಿಲಿಮೀಟರಿನದಾದರೆ 34 ಕಿಲೋ, ಮೂರು ಮಿಲಿಮೀಟರಿನದಾದರೆ 51 ಕಿಲೋ ತೂಗಬೇಕು. ಬೀಗ, ತಿರುಗಣಿ, ಒಳಪಟ್ಟಿ ಸೇರಿದರೆ ಇನ್ನೂ ಕೆಲವು ಕಿಲೋ ಹೆಚ್ಚು. ನನ್ನದು 18 ಗೇಜಿನದೆಂದು ಹೀಗೆ ತಿಳಿಯಿತು. ಗೇಜಿನ ಅಂಕಿ ಇಳಿದಂತೆ ತಗಡು ದಪ್ಪವಾಗುತ್ತದೆ: 14 ಗೇಜು ಎರಡು ಮಿಲಿಮೀಟರ್, 10 ಗೇಜು ಮೂರಕ್ಕಿಂತ ಸ್ವಲ್ಪ ಹೆಚ್ಚು. ಬಂದೂಕಿನ ಬೋರಿನ ಅಂಕಿಯೂ ಹೀಗೆಯೇ ತಲೆಕೆಳಗು. ಒಂದು ಪೌಂಡು ಸೀಸದಿಂದ ಹನ್ನೆರಡು ಸಮ ಗುಂಡು ಎರೆದರೆ ಒಂದು ಗುಂಡು ಹಿಡಿಯುವ ನಳಿಗೆ 12 ಬೋರು, ಇಪ್ಪತ್ತು ಎರೆದರೆ 20 ಬೋರು, ಅದು ಇನ್ನೂ ಸಣ್ಣದು.

ಕನಿಷ್ಠ ಎಷ್ಟು ದಪ್ಪ ಬೇಕು ಎಂಬುದಕ್ಕೆ ಬ್ರಿಟನ್ನಿನ ಬಂದೂಕು ಕಪಾಟುಗಳ ಮಾನಕವಾದ ಬಿಎಸ್ 7558 ಒಂದು ಅಳತೆಗೋಲು ಕೊಡುತ್ತದೆ. ಅಲ್ಲಿ ಎರಡು ಮಿಲಿಮೀಟರಿಗಿಂತ ತೆಳುವಾದ ತಗಡನ್ನು ಒಪ್ಪುವುದಿಲ್ಲ. ಹಾರೆ, ಗುದ್ದಲಿ, ಗ್ರೈಂಡರು ಪ್ರತಿ ಹೊಲದ ಮನೆಯಲ್ಲೂ ಸಿಗುವ ನಮ್ಮ ಸೀಮೆಗೆ ಮೂರು ಮಿಲಿಮೀಟರ್ ಇರಲಿ ಎನ್ನುತ್ತೇನೆ. ತೋರಣಗಲ್ಲಿನಲ್ಲಿ ಉಕ್ಕು ಹುಟ್ಟುವ ಜಿಲ್ಲೆಯಲ್ಲಿ ಕುಳಿತು ತೆಳು ತಗಡಿನ ಪೆಟ್ಟಿಗೆಯನ್ನು ದೂರದಿಂದ ತರಿಸಿಕೊಳ್ಳುವುದು ನನಗಂತೂ ವಿಚಿತ್ರವಾಗಿ ಕಾಣುತ್ತದೆ. ಬಳ್ಳಾರಿ, ಗಂಗಾವತಿ, ಸಿಂಧನೂರಿನಂಥ ಊರುಗಳಲ್ಲಿ ಟ್ರೇಲರು, ಗೇಟು, ಕಿಟಕಿ ಮಾಡುವ ಫ್ಯಾಬ್ರಿಕೇಶನ್ ಅಂಗಡಿಗಳು ಬೇಕಾದಷ್ಟಿವೆ. ಕಿಲೋ ಲೆಕ್ಕದಲ್ಲಿ ಮಾಡಿಕೊಡುತ್ತಾರಾದ್ದರಿಂದ ತಗಡು ತೆಳುವಾದರೆ ಬಿಲ್ಲಿನಲ್ಲೇ ಗೊತ್ತಾಗುತ್ತದೆ.

ಮಾಡಿಸುವವರು ಅಂಗಡಿಯಲ್ಲಿ ನಿಂತು ಹೇಳಬೇಕಾದ ಮಾತುಗಳಿವೆ. ಮೈಯನ್ನು ತುಂಡು ತಗಡು ಜೋಡಿಸಿ ಬೆಸೆಯುವ ಬದಲು ಆದಷ್ಟೂ ಒಂದೇ ತಗಡನ್ನು ಮಡಚಿ ಮಾಡಬೇಕು; ಬೆಸುಗೆ ಅನಿವಾರ್ಯವಾದ ಕಡೆ ಅಲ್ಲಲ್ಲಿ ಚುಕ್ಕೆ ಇಡದೆ ಉದ್ದಕ್ಕೂ ಎಳೆಯಬೇಕು. ಬಾಗಿಲು ಚೌಕಟ್ಟಿನ ಮೇಲೆ ಕೂರದೆ ಒಳಗೆ ಸೇರಿಕೊಳ್ಳಬೇಕು, ಸಂದಿ ಎರಡು ಮಿಲಿಮೀಟರ್ ಮೀರಬಾರದು. ತಿರುಗಣಿಯ ಕಡೆ ಬಾಗಿಲಿನ ಒಳಮೈಗೆ ಉದ್ದದ ಪಟ್ಟಿಯೊಂದನ್ನು ಬೆಸೆದರೆ ತಿರುಗಣಿಯನ್ನು ಹೊರಗಿನಿಂದ ಕತ್ತರಿಸಿದರೂ ಬಾಗಿಲು ಕಳಚುವುದಿಲ್ಲ. ಈ ಪಟ್ಟಿಯ ಖರ್ಚು ಒಂದು ಊಟದಷ್ಟೂ ಆಗದು, ಆದರೆ ಹೇಳದೆ ಹೋದರೆ ಯಾರೂ ಹಾಕುವುದಿಲ್ಲ. ಹೊರಗೆ ಚಿಲಕ ಬಡಿದು ನೇತುಬೀಗ ಹಾಕುವ ಪದ್ಧತಿಯನ್ನು ಮಾತ್ರ ಒಪ್ಪಬೇಡಿ. ಮೇಲ್ಭಾಗದಲ್ಲಿ 200 ಮಿಲಿಮೀಟರ್ ಎತ್ತರದ ಗೂಡು ಮಾಡಿಸಿ ಅದಕ್ಕೆ ಬೇರೆಯೇ ಬೀಗ ಕೂರಿಸಿದರೆ ಕಾಡತೂಸಿನ ಚಿಂತೆ ಮುಗಿಯಿತು. ರೆಡ್ ಆಕ್ಸೈಡ್ ಬಳಿದು ಬಣ್ಣ ಹಚ್ಚಿದ ಮೇಲೆ ಬಾಗಿಲು ತೆರೆದಿಟ್ಟು ವಾಸನೆ ಪೂರ್ತಿ ಹೋಗುವ ತನಕ ಬಂದೂಕು ಇಡಬಾರದು. ಅಂಗಡಿಯವನಿಗೆ ಇದು ಬಂದೂಕಿನದು ಎಂದು ಹೇಳುವ ಅಗತ್ಯವೂ ಇಲ್ಲ. ಊರಿನಲ್ಲಿ ನಮ್ಮ ಮನೆಯಲ್ಲಿ ಬಂದೂಕಿದೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಗೊತ್ತಾಗಬಾರದ್ದು ಅದು ಯಾವ ಕೋಣೆಯ ಯಾವ ಮೂಲೆಯಲ್ಲಿದೆ ಎಂಬುದು.

ಭಾರಿ ತಿಜೋರಿ, ಪುಟ್ಟ ಡಬ್ಬಿ, ಗೋಡೆಯ ಮಾಡ

ದಪ್ಪ ಗೋಡೆಯ, ನೂರಾರು ಕಿಲೋ ತೂಗುವ ತಿಜೋರಿಗೆ ಅದರದೇ ಗೌರವವಿದೆ. ಭಾರತೀಯ ಮಾನಕ ಬ್ಯೂರೋದ ಐಎಸ್ 550 ಗುರುತು ಇರುವ ತಿಜೋರಿ ನಿಜವಾದ ತಿಜೋರಿ. ಹೊರದೇಶದಿಂದ ಬರುವ ಮಾಲಿನ ಮೇಲೆ ಕಾಣುವ ಯುಎಲ್ ಎಂಬ ಅಮೆರಿಕದ ಸುರಕ್ಷತಾ ಪರೀಕ್ಷಾ ಸಂಸ್ಥೆಯ ಗೃಹ ಭದ್ರತಾ ಪೆಟ್ಟಿಗೆ ಎಂಬ ಮೂಲ ದರ್ಜೆಯ ಅರ್ಥ, ಕೈ ಉಪಕರಣಗಳ ದಾಳಿಯನ್ನು ಅದು ಐದು ನಿಮಿಷ ತಡೆಯಿತು ಎಂದಷ್ಟೆ. ಆ ಐದು ನಿಮಿಷಕ್ಕೆ ಎಷ್ಟು ಹಣ ಕೊಡಬಹುದು ಎಂದು ಕೊಳ್ಳುವವರು ಯೋಚಿಸಬೇಕು. ಬಂಗಾರ, ದಾಖಲೆ, ಬಂದೂಕು ಎಲ್ಲಕ್ಕೂ ಒಂದೇ ಭದ್ರ ಜಾಗ ಬೇಕೆನ್ನುವವರಿಗೆ, ಮನೆಯನ್ನು ತಿಂಗಳುಗಟ್ಟಲೆ ಬಿಟ್ಟುಹೋಗುವವರಿಗೆ ಅದು ಸರಿ. ಮಹಡಿಯ ಮೇಲೆ ಇಡುವುದಾದರೆ ಮಾತ್ರ ಎಚ್ಚರ ಬೇಕು: ವಾಸದ ಕೋಣೆಯ ಸ್ಲ್ಯಾಬನ್ನು ಸಾಮಾನ್ಯವಾಗಿ ಒಂದು ಚದರ ಮೀಟರಿಗೆ 200 ಕಿಲೋ ಭಾರದ ಲೆಕ್ಕದಲ್ಲಿ ಕಟ್ಟುತ್ತಾರೆ, 300 ಕಿಲೋದ ತಿಜೋರಿ ಅರ್ಧ ಚದರ ಮೀಟರಿನ ಮೇಲೆ ಕೂರುತ್ತದೆ. ತೊಲೆಯ ಮೇಲೆ, ಗೋಡೆಯ ಬುಡಕ್ಕೆ ಇಡಬೇಕು, ಇಡುವ ಮೊದಲು ಎಂಜಿನಿಯರನ್ನು ಕೇಳಬೇಕು. ಬೆಂಕಿ ತಡೆಯುವ ಒಳಪದರಕ್ಕೆಂದು ಹೆಚ್ಚು ಕೊಡುವುದು ನಮ್ಮ ಕಲ್ಲು, ಸಿಮೆಂಟಿನ ಮನೆಗಳಿಗೆ ಅಷ್ಟು ಅಗತ್ಯವಲ್ಲ. ಆ ಪದರದಲ್ಲಿ ಬಳಸುವ ಜಿಪ್ಸಮ್ ತನ್ನೊಳಗೆ ನೀರಿನಂಶ ಹಿಡಿದಿಟ್ಟುಕೊಳ್ಳುವುದರಿಂದ ನಳಿಗೆಗೆ ತುಕ್ಕಿನ ಭಯ ಬೇರೆ.

ರಿವಾಲ್ವರ್ ಮಾತ್ರ ಇರುವವರು ಹೋಟೆಲು ಕೋಣೆಗಳಲ್ಲಿ ಕಾಣುವ ಪುಟ್ಟ ಡಿಜಿಟಲ್ ಡಬ್ಬಿಯನ್ನು ತರುತ್ತಾರೆ. ಗೋಡೆಗೋ ನೆಲಕ್ಕೋ ಬೋಲ್ಟು ಹಾಕದ ಆ ಡಬ್ಬಿ ಕಳ್ಳನಿಗೆ ಹಿಡಿಕೆ ಇಲ್ಲದ ಕೈಚೀಲ. ಕೆಲವು ಅಗ್ಗದ ಡಬ್ಬಿಗಳು ಮೇಲೆ ಒಂದು ಗುದ್ದು ಬಿದ್ದರೆ ಒಳಗಿನ ಕಡ್ಡಿ ಜಿಗಿದು ತೆರೆದುಕೊಳ್ಳುತ್ತವೆ. ಅಂಗಡಿಯಲ್ಲೇ ಗುದ್ದಿ ನೋಡುವುದರಲ್ಲಿ ಸಂಕೋಚ ಬೇಡ.

ಹಳೆಯ ಕಲ್ಲಿನ ಮನೆಯಲ್ಲಿ ಎರಡು ಅಡಿ ದಪ್ಪದ ಗೋಡೆ ಇನ್ನೂ ಉಳಿದಿರುವವರಿಗೆ ಇವೆಲ್ಲಕ್ಕಿಂತ ಒಳ್ಳೆಯ ದಾರಿಯೊಂದಿದೆ. ದೀಪವಿಡುವ ಮಾಡದಂತೆ ಗೋಡೆಯಲ್ಲೇ ನಿಲುವಾದ ಗೂಡು ತೆಗೆದು, ಅದರೊಳಗೆ ಮೂರು ಮಿಲಿಮೀಟರಿನ ಪೆಟ್ಟಿಗೆಯನ್ನು ಹಿಂಬದಿಯ ಕಬ್ಬಿಣದ ಕಾಲುಗಳ ಸಮೇತ ಕಾಂಕ್ರೀಟಿನಲ್ಲಿ ಹೂತುಬಿಟ್ಟರೆ ಹೊರಗೆ ಕಾಣುವುದು ಬಾಗಿಲೊಂದೇ. ಹಾರೆ ಹಾಕಲು ಪಕ್ಕವೇ ಇರುವುದಿಲ್ಲ. ಮಣ್ಣಿನ ಗಾರೆಯ ಗೋಡೆಯಾದರೆ ಮೇಲೆ ಕಲ್ಲಿನ ಅಡ್ಡಪಟ್ಟಿ ಕೊಡದೆ ಗೂಡು ತೆಗೆಯಬಾರದು, ಗೋಡೆಯೇ ಕುಸಿದೀತು.

ಬೀಗ

ಹೆಚ್ಚು ಲಿವರಿನ, ಉದ್ದ ಕೈಯ ಬೀಗವೇ ನಮ್ಮ ಧೂಳಿಗೆ ಬಾಳುವಂಥದ್ದು. ಅದರ ದೋಷ ಬೀಗದಲ್ಲಿಲ್ಲ, ಬೀಗದ ಕೈಯಲ್ಲಿದೆ. ದೇವರ ಜಗುಲಿಯ ಹಿಂದೆ, ಅಕ್ಕಿ ಡಬ್ಬಿಯ ತಳದಲ್ಲಿ, ಕ್ಯಾಲೆಂಡರಿನ ಮೊಳೆಗೆ ಬೀಗದ ಕೈ ಇಡುವ ಪದ್ಧತಿ ನಮ್ಮಲ್ಲಿ ಎಷ್ಟು ಸಾಮಾನ್ಯವೆಂದರೆ, ಮಕ್ಕಳು ಹುಡುಕುವ ಮೊದಲ ಮೂರು ಜಾಗಗಳೂ ಅವೇ. ಕೈ ಉಡಿದಾರದಲ್ಲೋ ಜೇಬಿನಲ್ಲೋ ಪರವಾನಗಿದಾರನ ಮೈಮೇಲೆಯೇ ಇರಬೇಕು. ಎರಡನೆಯ ಕೈ ಬ್ಯಾಂಕಿನ ಲಾಕರಿನಲ್ಲಿ ಇರಲಿ. ಮನೆಯೊಡತಿಗೆ ಕೈ ಎಲ್ಲಿದೆ ಎಂದು ತಿಳಿಸಬೇಕಲ್ಲವೇ ಎಂದು ಕೇಳಬಹುದು. ಪರವಾನಗಿ ಅವರ ಹೆಸರಿನಲ್ಲಿ ಇಲ್ಲದಿದ್ದರೆ ಬಂದೂಕು ಅವರ ಕೈಗೆ ಬರುವಂತಿರುವುದೇ ಕಾನೂನಿನ ತೊಡಕು.

ಅಂಕಿ ಒತ್ತುವ ಡಿಜಿಟಲ್ ಬೀಗಕ್ಕೆ ಕೈಯ ಗೊಡವೆ ಇಲ್ಲ, ಕರೆಂಟು ಹೋದರೂ ಬ್ಯಾಟರಿಯ ಮೇಲೆ ನಡೆಯುತ್ತದೆ. ಆದರೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು, ಬಳ್ಳಾರಿಯ ಕೋಣೆಗಳಲ್ಲಿ ವರ್ಷಗಟ್ಟಲೆ ಬದಲಿಸದೆ ಬಿಟ್ಟ ಬ್ಯಾಟರಿ ಸೋರಿ ಸಂಪರ್ಕದ ತಗಡನ್ನು ತಿನ್ನುತ್ತದೆ. ಪ್ರತಿ ಯುಗಾದಿಗೆ ಹೊಸ ಬ್ಯಾಟರಿ ಎಂದು ಗೊತ್ತುಮಾಡಿಕೊಂಡರೆ ಮರೆಯುವುದಿಲ್ಲ. ಕಾರ್ಖಾನೆಯಿಂದ ಬಂದ ಅಂಕಿಯನ್ನು ಮೊದಲ ದಿನವೇ ಬದಲಿಸಬೇಕು. ಹುಟ್ಟಿದ ವರ್ಷ, ಗಾಡಿಯ ನಂಬರು, ಮನೆಯ ಸರ್ವೆ ನಂಬರು ಇವು ಬೇಡ. ಇಂಥ ಬೀಗಗಳ ಜೊತೆ ಬರುವ ತುರ್ತು ಕೈಯನ್ನು ಜನ ಪೆಟ್ಟಿಗೆಯ ಮೇಲೆಯೇ ಇಡುತ್ತಾರೆ ಎಂದರೆ ನಗು ಬರಬಹುದು, ನಾನು ಎರಡು ಮನೆಗಳಲ್ಲಿ ಕಣ್ಣಾರೆ ನೋಡಿದ್ದೇನೆ.

ಬೆರಳಚ್ಚಿನ ಬೀಗವನ್ನು ಹೊಲದ ಕೆಲಸ ಮಾಡುವವರಿಗೆ ನಾನು ಹೇಳುವುದಿಲ್ಲ. ನ್ಯಾಯಬೆಲೆ ಅಂಗಡಿಯ ಯಂತ್ರದ ಮುಂದೆ ಹೆಬ್ಬೆರಳನ್ನು ಒರೆಸಿ ಒರೆಸಿ ಇಟ್ಟರೂ ಅದು ಒಪ್ಪದೆ, ಕೊನೆಗೆ ಮಗನನ್ನು ಕಳಿಸಿ ಎಂದು ಹೇಳಿಸಿಕೊಂಡ ಹಿರಿಯರನ್ನು ಎಲ್ಲರೂ ಬಲ್ಲರು. ಗುದ್ದಲಿ, ಗೊಬ್ಬರ, ಸಿಮೆಂಟಿನಲ್ಲಿ ಸವೆದ ಅದೇ ಬೆರಳು ಇಲ್ಲಿಯೂ ಅಷ್ಟೇ ಸತಾಯಿಸುತ್ತದೆ. ಚಕ್ರ ತಿರುಗಿಸಿ ಅಂಕಿ ಹೊಂದಿಸುವ ಯಾಂತ್ರಿಕ ಬೀಗ ದುಬಾರಿ, ನಿಧಾನ. ಕೈಯೂ ಬೇಡ, ಬ್ಯಾಟರಿಯೂ ಬೇಡ ಎನ್ನುವ ತಾಳ್ಮೆಯವರಿಗೆ ಅದಕ್ಕಿಂತ ನಂಬಿಗಸ್ತ ಬೀಗ ಇಲ್ಲ.

ನೆಲಕ್ಕೆ ಬಿಗಿಯುವುದು

ಹಣ ಸುರಿಯಬೇಕಾದದ್ದು ಬಾಗಿಲಿಗಲ್ಲ, ಬುಡಕ್ಕೆ ಎಂಬುದನ್ನು ನಾನು ಎರಡನೆಯ ನಷ್ಟದಿಂದ ಕಲಿತೆ. ಮೂರು ಮಿಲಿಮೀಟರಿನ ಕಪಾಟು ಮಾಡಿಸಿ ತಂದು, ನಾಲ್ಕು ಮೂಲೆಗೆ ನಾಲ್ಕು ಆಂಕರ್ ಬೋಲ್ಟು ಹೊಡೆಸಿ, ಕೈಯಿಂದ ಅಲ್ಲಾಡಿಸಿ ನೋಡಿ ತೃಪ್ತಿಪಟ್ಟಿದ್ದೆ. ಕೆಲವು ದಿನಗಳ ನಂತರ ಅನುಮಾನದಿಂದಲೇ ಹಾರೆಯೊಂದನ್ನು ಕಪಾಟಿನ ಬುಡಕ್ಕೆ ಕೊಟ್ಟು ಒಮ್ಮೆ ಮೀಟಿದೆ. ಕಪಾಟು ಏಳಲಿಲ್ಲ, ನೆಲವೇ ಎದ್ದಿತು. ಒಂದೂಕಾಲು ಇಂಚಿನ ಕಡಪ ಕಲ್ಲಿನ ಚಪ್ಪಡಿ, ನಾಲ್ಕು ಬೋಲ್ಟುಗಳನ್ನು ಹಾಗೆಯೇ ಹಿಡಿದುಕೊಂಡು, ಕಪಾಟಿನ ಜೊತೆ ಮೇಲೆ ಬಂದಿತು. ಕೆಳಗೆ ತೆಳುವಾದ ಗಾರೆ, ಅದರ ಕೆಳಗೆ ಮೊರಂ ಮಣ್ಣು.

ನಮ್ಮ ಬಹುಪಾಲು ಮನೆಗಳ ನೆಲ ಹೀಗೆಯೇ ಇದೆ. ಕಡಪ, ಶಹಾಬಾದ್, ಗ್ರಾನೈಟ್, ಟೈಲು ಯಾವುದೇ ಇರಲಿ, ಅದು ಹೊದಿಕೆ. ಬೋಲ್ಟು ಹಿಡಿಯಬೇಕಾದದ್ದು ಅದರ ಕೆಳಗಿನ ಕಾಂಕ್ರೀಟನ್ನು. ಅಲ್ಲಿ ಕನಿಷ್ಠ ನಾಲ್ಕು ಇಂಚು ಗಟ್ಟಿ ಕಾಂಕ್ರೀಟು ಇದೆಯೇ ಎಂದು ಒಂದು ತೂತು ಕೊರೆದು ನೋಡಿದರೆ ತಿಳಿಯುತ್ತದೆ: ಕಾಂಕ್ರೀಟಿನಿಂದ ಬೂದು ಬಣ್ಣದ ಪುಡಿ ಬರುತ್ತದೆ, ಡ್ರಿಲ್ಲು ದಕ್ಕನೆ ಇಳಿದು ಕೆಂಪು ಪುಡಿ ಬಂದರೆ ಮಣ್ಣು. ಕಾಂಕ್ರೀಟು ಇದ್ದರೆ 12 ಮಿಲಿಮೀಟರ್ ದಪ್ಪದ, 100 ಮಿಲಿಮೀಟರಿಗಿಂತ ಉದ್ದದ ಬೋಲ್ಟು ನಾಲ್ಕು ಸಾಕು. ಹೊದಿಕೆಯ ದಪ್ಪವನ್ನು ಉದ್ದದ ಲೆಕ್ಕದಿಂದ ಕಳೆಯಬೇಕು, ಕಾಂಕ್ರೀಟಿನ ಅಂಚಿನಿಂದ ಐದಾರು ಇಂಚು ಒಳಗೆ ಕೊರೆಯಬೇಕು, ತೂತಿನ ಪುಡಿಯನ್ನು ಊದಿ ತೆಗೆಯದೆ ಬೋಲ್ಟು ಇಳಿಸಬಾರದು. ಪುಡಿ ಉಳಿದ ತೂತಿನಲ್ಲಿ ಬೋಲ್ಟು ಬಿಗಿಯಾದಂತೆ ಕಂಡು ಆಮೇಲೆ ಸಡಿಲಾಗುತ್ತದೆ.

ಕಾಂಕ್ರೀಟು ಇಲ್ಲದಿದ್ದರೆ ಹಾಕಬೇಕು. ಇದು ನಮ್ಮ ಗಾರೆ ಕೆಲಸದವರಿಗೆ ಹೊಸದೇನಲ್ಲ. ಪಂಪ್‌ಸೆಟ್ಟು ಕೂರಿಸುವಾಗ ಮಾಡುವ ಕೆಲಸವೇ. ಚಪ್ಪಡಿ ಎತ್ತಿ, ಒಂದೂವರೆ ಅಡಿ ಚೌಕದ, ಒಂದು ಅಡಿ ಆಳದ ಗುಂಡಿ ತೋಡಿ, ಬುಡ ಬಾಗಿಸಿದ ನಾಲ್ಕು ಫೌಂಡೇಶನ್ ಬೋಲ್ಟುಗಳನ್ನು ಕಪಾಟಿನ ತಳದ ತೂತುಗಳಿಗೆ ಸರಿಯಾಗಿ ನಿಲ್ಲಿಸಿ ಕಾಂಕ್ರೀಟು ತುಂಬಬೇಕು. ಅಷ್ಟು ಕಾಂಕ್ರೀಟೇ 150 ಕಿಲೋ ತೂಗುತ್ತದೆ, ಅದೂ ನೆಲದೊಳಗೆ ಹೂತುಕೊಂಡು. ಕನಿಷ್ಠ ಒಂದು ವಾರ ನೀರುಣಿಸಿ ಆಮೇಲೆ ನಟ್ಟು ಬಿಗಿಯಬೇಕು. ನಟ್ಟುಗಳು ಕಪಾಟಿನ ಒಳಗಡೆ ಬರಬೇಕೆಂದು ಹೇಳಬೇಕಾದ ಅಗತ್ಯ ಇಲ್ಲವೆಂದುಕೊಂಡಿದ್ದೆ, ನಮ್ಮ ಮೇಸ್ತ್ರಿ ಹೊರಗೆ ಕಿವಿ ಬೆಸೆಯೋಣವೇ ಎಂದು ಕೇಳುವ ತನಕ.

ಎರೆ ಭೂಮಿಯ ಮೇಲೆ ಕಟ್ಟಿದ ಮನೆಗಳಿಗೆ ಇನ್ನೊಂದು ತಾಪತ್ರಯವಿದೆ. ಸಿಂಧನೂರು, ಮಾನ್ವಿ, ಸಿರುಗುಪ್ಪದ ಕಡೆಯ ಕಪ್ಪು ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ; ಅದರ ಜೊತೆ ನಡುಕೋಣೆಯ ನೆಲವೂ ಏರಿಳಿಯುತ್ತದೆ. ಅಂಥ ನೆಲದ ಮೇಲೆ ನಿಂತ ಕಪಾಟು ಒಂದು ಮಳೆಗಾಲದಲ್ಲಿ ಕೂದಲೆಳೆಯಷ್ಟು ವಾಲಿದರೂ ಬಾಗಿಲು ಚೌಕಟ್ಟಿಗೆ ಉಜ್ಜಿ ಬೀಗ ತಿರುಗುವುದು ಕಷ್ಟವಾಗುತ್ತದೆ. ಇಲ್ಲಿ ನೆಲವನ್ನು ಬಿಟ್ಟು ಗೋಡೆಯ ಬುನಾದಿಗೆ ಅಂಟಿಕೊಂಡಂತೆ ಕಾಂಕ್ರೀಟು ಹಾಕಿಸುವುದು, ಇಲ್ಲವೇ ಗೋಡೆಯ ಗೂಡನ್ನೇ ಆರಿಸುವುದು ಒಳ್ಳೆಯದು.

ಗೋಡೆಗೆ ಬಿಗಿಯುವವರು ಗೋಡೆ ಯಾವುದರದು ಎಂದು ಮೊದಲು ತಿಳಿಯಬೇಕು. ಟೊಳ್ಳು ಸಿಮೆಂಟು ಇಟ್ಟಿಗೆಯಲ್ಲಿ ಆಂಕರ್ ಬೋಲ್ಟು ನಿಲ್ಲುವುದೇ ಇಲ್ಲ. ಮಣ್ಣಿನ ಗಾರೆಯ ಕಲ್ಲುಗೋಡೆಯಲ್ಲಿ ಸಂದಿಗೆ ಹೊಡೆದ ಬೋಲ್ಟು ಕೈಯಲ್ಲೇ ಬರುತ್ತದೆ. ಕಲ್ಲಿನ ಮೈಗೇ ಕೊರೆದು ಅಂಟುರಾಳ ತುಂಬಿದ ಬೋಲ್ಟು ಹಾಕಬೇಕು. ಅದು ಬೇಡವೆಂದರೆ ಗೋಡೆಯ ಈಚೆಯಿಂದ ಆಚೆಗೆ ಕಂಬಿ ತೂರಿಸಿ ಆ ಬದಿಗೆ ದಪ್ಪ ತಟ್ಟೆ ಕೊಟ್ಟು ಬಿಗಿಯಬಹುದು, ಆದರೆ ಆ ಬದಿ ಬೀದಿಯಾಗಿರಬಾರದು. ಆರ್‌ಸಿಸಿ ಕಂಬಕ್ಕೆ ಕೊರೆಯಬೇಡಿ. ಒಳಗಿನ ಕಂಬಿ ಕಡಿದರೆ ಮನೆಗೇ ಕೇಡು.

ಕಪಾಟನ್ನು ಮೂಲೆಗೆ ಸೇರಿಸಿ, ತಿರುಗಣಿಯ ಕಡೆ ಗೋಡೆಗೆ ಬರುವಂತೆ ನಿಲ್ಲಿಸಿದರೆ ಹಾರೆ ಆಡಿಸಲು ಜಾಗ ಉಳಿಯುವುದು ಒಂದೇ ಕಡೆ. ಕಳ್ಳನು ಉಪಕರಣ ಹೊತ್ತು ಬರುವುದು ಅಪರೂಪ, ನಮ್ಮ ಹಿತ್ತಲಿನಲ್ಲಿರುವುದನ್ನೇ ಬಳಸುತ್ತಾನೆ. ಹಾರೆ, ಸುತ್ತಿಗೆ, ಗ್ರೈಂಡರುಗಳನ್ನೂ ಬೀಗದ ಒಳಗೆ ಇಟ್ಟರೆ ಕಪಾಟಿನ ತಗಡಿಗೆ ಒಂದು ಮಿಲಿಮೀಟರ್ ಸೇರಿಸಿದಷ್ಟೇ ಲಾಭ.

ತುಕ್ಕು ಮತ್ತು ಧೂಳು

ತುಂಗಭದ್ರಾ ಕಾಲುವೆಯ ಭತ್ತದ ಸೀಮೆಯಲ್ಲಿ ನೆಲದಿಂದ ತೇವ ಏರುತ್ತದೆ. ಸಂಡೂರಿನ ಕಡೆ ಅದಿರಿನ ಕೆಂಪು ಧೂಳು ಎಲ್ಲ ಸಂದಿಗೂ ಹೋಗುತ್ತದೆ. ಕಪಾಟಿನ ತಳಕ್ಕೆ ರಬ್ಬರು ಹಾಳೆ ಹಾಸಿದರೆ ತೇವ ನಿಲ್ಲುತ್ತದೆ, ಹಾರೆಗೆ ಸಂದಿಯೂ ಸಿಗುವುದಿಲ್ಲ. ಒಳಗೆ ಸ್ಪಂಜಿನ ಮೆತ್ತೆ ಹಾಕಬೇಡಿ, ಅದು ತೇವ ಕುಡಿದು ಬೇಸಿಗೆಯಲ್ಲಿ ಅಂಟಂಟಾಗಿ ನಳಿಗೆಗೆ ಹತ್ತಿಕೊಳ್ಳುತ್ತದೆ. ನಳಿಗೆ ಒರಗುವ ಕಡೆ ಮರದ ಹಲ್ಲು ಸಾಕು. ಬಂದೂಕನ್ನು ರೆಕ್ಸಿನ್ ಚೀಲದಿಂದ ತೆಗೆದು, ಎಣ್ಣೆ ಸವರಿ, ಬಾಯಿ ಕೆಳಗೆ ಮಾಡಿ ನಿಲ್ಲಿಸಿದರೆ ಎಣ್ಣೆ ಇಳಿದು ಮರದ ಹಿಡಿಯನ್ನು ಕೆಡಿಸುವುದಿಲ್ಲ. ಸಿಲಿಕಾ ಜೆಲ್ಲಿನ ನೀಲಿ ಹರಳು ಗುಲಾಬಿಗೆ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿ ಮತ್ತೆ ನೀಲಿ ಮಾಡಬಹುದು, ಅಡುಗೆಗೆ ಬಳಸದ ಬಾಣಲೆ ಆಗಿರಬೇಕು.

ಚುನಾವಣೆ ಘೋಷಣೆಯಾದಾಗ ಪರವಾನಗಿ ಬಂದೂಕುಗಳನ್ನು ಠಾಣೆಯಲ್ಲಿ ಠೇವಣಿ ಇಡುವಂತೆ ಜಿಲ್ಲಾಡಳಿತ ಆದೇಶಿಸುವುದು ನಮ್ಮಲ್ಲಿ ವಾಡಿಕೆ. ರಸೀದಿ ಪಡೆದು ಬಂದ ಆ ವಾರಗಳಲ್ಲಿ ಕಪಾಟು ಬರಿದಾಗಿರುತ್ತದೆ. ನಾನು ಆಗ ಒಳಗಿನ ನಾಲ್ಕು ನಟ್ಟುಗಳಿಗೆ ಪಾನಾ ಹಾಕಿ ನೋಡುತ್ತೇನೆ, ಬಾಗಿಲಿಗೆ ತೂಗುಗುಂಡು ಹಿಡಿದು ವಾಲಿದೆಯೇ ಎಂದು ಅಳೆಯುತ್ತೇನೆ, ಬೀಗಕ್ಕೆ ಗ್ರಾಫೈಟಿನ ಪುಡಿ ಊದುತ್ತೇನೆ. ಹೋದ ಸಲ ಹಿಂದಿನ ಎಡಗಡೆಯ ನಟ್ಟು ಕಾಲು ಸುತ್ತು ತಿರುಗಿತು.